ಆ ದಿನ ಅಂಟದ ಗುಂಡಿ

ನಾನು ಗುಂಡಿ ಒತ್ತುವ ಒಂದು ಸಣ್ಣ ಮೊಬೈಲು. ಈಗಿನವರು ನನ್ನ ಕುಲದವರನ್ನೆಲ್ಲ ‘ಡಬ್ಬಾ ಫೋನು’ ಅನ್ನುತ್ತಾರೆ. ಅನ್ನಲಿ, ಅದಕ್ಕಿಂತ ಕೆಟ್ಟ ಹೆಸರಿಗೂ ನಾನು ಲಾಯಕ್ಕಾದವನೇ. ಯಾಕೆಂದು ಹೇಳುತ್ತೇನೆ.

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಬಿಳಿ ಟೋಪಿಯ ಹೆಣ್ಣುಮಗಳೊಬ್ಬಳು ನನ್ನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಎರಡನೇ ಗುಂಡಿಯ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ಆ ಗುಂಡಿ ಒಂಚೂರು ಬಿಗಿ ಇತ್ತು, ಒತ್ತಿದರೆ ಒಳಗೇ ಅಂಟಿಕೊಳ್ಳುತ್ತಿತ್ತು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಅವಳು ನನ್ನನ್ನು ಪಾಸು ಮಾಡಿ ಎದ್ದು ಹೋದಳು.

ಮೊದಲು ನನ್ನನ್ನು ಕೊಂಡವನು ಗುಳೇದಗುಡ್ಡದ ರವಿಕೆ ಖಣದ ವ್ಯಾಪಾರಿ ಸಂಗಪ್ಪ ಸಾಹುಕಾರ. ಅವನ ಅಂಗಡಿಯ ಗಾದಿಯ ಮೇಲೆ ಎರಡು ವರ್ಷ ಆರಾಮಾಗಿ ಬಿದ್ದಿದ್ದೆ. ಮಗಳ ಮದುವೆಯ ಹೊತ್ತಿಗೆ ಸಾಹುಕಾರ ಟಚ್ ಫೋನು ಕೊಂಡ. ಮೆರವಣಿಗೆ ಮನೆ ಮುಟ್ಟಿದಾಗ ಬ್ಯಾಂಡಿನವರು ಬಾರಿಸಿದ್ದನ್ನು ಮೆಚ್ಚಿ, ಜೇಬಿನಿಂದ ನನ್ನನ್ನು ತೆಗೆದು ಬ್ಯಾಂಡ್ ಮಾಸ್ತರನ ಕೈಗೆ ಹಾಕಿದ. ಹಾಗೆ ನಾನು ಯಮನಪ್ಪ ಭಜಂತ್ರಿಯ ಪಾಲಾದೆ.

ಯಮನಪ್ಪನ ಬ್ಯಾಂಡಿನಲ್ಲಿ ಅವನೂ ಸೇರಿ ಒಂಬತ್ತು ಮಂದಿ. ಅವನ ನಂಬರು ದೊಡ್ಡ ಡ್ರಮ್ಮಿನ ಚರ್ಮದ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು. ಸುತ್ತಲಿನ ಹತ್ತಿಪ್ಪತ್ತು ಹಳ್ಳಿಯ ಜನ ಅದನ್ನು ನೋಡಿಯೇ ಫೋನು ಮಾಡುತ್ತಿದ್ದರು. ನನ್ನ ಎರಡನೇ ಗುಂಡಿಗಾಗಿ ಅವನಿಂದ ದಿನಾ ಬೈಸಿಕೊಳ್ಳುತ್ತಿದ್ದೆ. ಅಂಟಿದಾಗಲೆಲ್ಲ ಅದನ್ನು ಉಗುರಿನಿಂದ ಮೀಟಿ ಎಬ್ಬಿಸುತ್ತಿದ್ದ. ಆದರೆ ಮಲಗುವ ಮುಂಚೆ ಅಂಗಿಯ ತುದಿಯಿಂದ ನನ್ನ ಮುಖ ಒರೆಸದೆ ಇರುತ್ತಿರಲಿಲ್ಲ.

ಅವನಿಗೆ ಒಂದು ದೊಡ್ಡ ಹೆಮ್ಮೆ ಇತ್ತು. ಲಗ್ನದ ಮನೆಯವರು ಬಂದು ಎಲೆ, ಅಡಿಕೆ ಕೈಗಿಟ್ಟರೆ ಮುಗಿಯಿತು, ಅದು ವೀಳ್ಯ. ಅವರ ಮಾತಿನಲ್ಲಿ ಈಳ್ಯಾ. ಒಮ್ಮೆ ಈಳ್ಯಾ ಹಿಡಿದ ಮೇಲೆ ಅದೇ ದಿನಕ್ಕೆ ಯಾವ ಸಾಹುಕಾರ ಕರೆದರೂ ಯಮನಪ್ಪ ಹೋಗುವವನಲ್ಲ. ಈಳ್ಯಾ ಹಿಡಿಯುವ ಮುಂಚೆ ಮಾತ್ರ ಅವನಂಥ ಚೌಕಾಸಿಗಾರ ಇನ್ನೊಬ್ಬನಿರಲಿಲ್ಲ. ಎದುರಿನವರು ದರ ಹೇಳಿದರೆ ಸುಮ್ಮನೆ ಕೂರುತ್ತಿದ್ದ. ಅವರು ಇನ್ನಷ್ಟು ಹೇಳಿದರೂ ಸುಮ್ಮನೆ. ಹೀಗೆ ಬಾಯಿ ಬಿಡದೆಯೇ ಮೂರು ಮೆಟ್ಟಿಲು ಏರಿಸಿಬಿಡುತ್ತಿದ್ದ.

ಒಂದು ಬೇಸಿಗೆಯಲ್ಲಿ ನಮ್ಮ ಮೊಬೈಲ್ ಕಂಪನಿಯವರು ದರ ಏರಿಸಿದರು. ಯಮನಪ್ಪನ ತಲೆ ಕೆಟ್ಟಿತು. ಒಂಬತ್ತೂ ಮಂದಿ ನಂಬರು ಹಾಗೇ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗೋಣವೆಂದು ಗೊತ್ತುಮಾಡಿದರು. ಬಜಾರಿನ ಕೂಟಿನಲ್ಲಿ, ರಸ್ತೆಗಳು ಕೂಡುವ ಕಡೆ, ಬಣ್ಣದ ಕೊಡೆಯ ಕೆಳಗೆ ಸಿಮ್ ಮಾರುತ್ತಿದ್ದ ಮಾಲನಬಿಯ ಹತ್ತಿರ ಹೋದರು.

ಮಾಲನಬಿಗೆ ನಲವತ್ತರ ಹತ್ತಿರ ವಯಸ್ಸು. ಹಿಂದಿನ ವರ್ಷ ಅವಳ ತಮ್ಮನ ಮದುವೆಗೆ ಬಾರಿಸಿದ್ದು ಇದೇ ಬ್ಯಾಂಡು. ಅವಳ ಮುಂದಿದ್ದ ಗಿಡ್ಡ ಸ್ಟೂಲಿನ ಮೇಲೆ ನನ್ನನ್ನು ಇಟ್ಟರು. ಅಲ್ಲಿಂದ ನನಗೆ ಮೊದಲು ಕಂಡದ್ದು ಅವಳ ಮುಖವಲ್ಲ, ಕಾಲುಗಳು. ದಿನಾ ನಿಂತು ನಿಂತು ಊದಿದ್ದವು. ಚಪ್ಪಲಿಯ ಪಟ್ಟಿ ಬಿಚ್ಚಿ, ಬರೀ ಬೆರಳ ತುದಿಯಲ್ಲಿ ಸಿಕ್ಕಿಸಿಕೊಂಡಿದ್ದಳು.

“ಕಂಪನಿ ಅಂಗಡಿಯಾಗ ಒಂದ ಖುರ್ಚಿ ಖಾಲಿ ಐತ್ರಿ ಮಾಸ್ತರ,” ಎಂದಳು. “ಈ ತಿಂಗಳದಾಗ ಐವತ್ತ ನಂಬರ ತಂದವ್ರಿಗೆ ಅದು ಅಂತ ಮ್ಯಾನೇಜರ್ ಹೇಳ್ಯಾರ. ನನಗ ಇನ್ನ ಒಂಬತ್ತ ಕಡಿಮಿ ಇದ್ವು. ನಾಡದ ಕಡೀ ದಿನ. ಅಲ್ಲಾನ ಕಳಿಸಿದಂಗ ನೀವು ಬಂದ್ರಿ ನೋಡ್ರಿ.”

“ಖುರ್ಚಿ ಅಂದ್ರ ಫ್ಯಾನಿನ ಬುಡಕನ?” ಎಂದು ಯಮನಪ್ಪ ನಕ್ಕ.

“ಫ್ಯಾನ್ ಬಿಡ್ರಿ, ಕುಂದರಾಕ ಸಿಕ್ರ ಸಾಕಾಗೇತಿ.”

ಕೆಲಸ ಶುರುವಾಯಿತು. ಒಂಬತ್ತೂ ಫೋನಿನಿಂದ ಕಂಪನಿ ಬಿಡುತ್ತೇವೆಂಬ ಮೆಸೇಜು ಹೋಯಿತು, ಒಂಬತ್ತಕ್ಕೂ ಒಂದೊಂದು ಗುಟ್ಟಿನ ಸಂಖ್ಯೆ ಬಂತು. ಆಮೇಲೆ ಫೋಟೋ. ಅದರಲ್ಲಿ ಜೀವಂತ ಮನುಷ್ಯನೆಂದು ತೋರಿಸಲು ಕಣ್ಣು ಮಿಟುಕಿಸಬೇಕಂತೆ. ಕ್ಲಾರಿನೆಟ್ ಊದುವ ಮುದುಕ ಹನಮಪ್ಪ ಮಿಟುಕಿಸು ಎಂದಾಗ ಕಣ್ಣು ಅಗಲಿಸುವನು, ಬೇಡವೆಂದಾಗ ಪಟಪಟ ಮಿಟುಕಿಸುವನು. ಅವನೊಬ್ಬನಿಗೇ ಅರ್ಧ ಗಂಟೆ ಹಿಡಿಯಿತು. ಮಾಲನಬಿ ಒಮ್ಮೆಯೂ ಸಿಡುಕಲಿಲ್ಲ. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕಿ, “ಮತ್ತೊಮ್ಮಿ ನೋಡೂಣ್ರಿ ಅಜ್ಜಾರ,” ಎನ್ನುತ್ತಲೇ ಇದ್ದಳು.

ಕೊನೆಗೆ ಅವಳು ನನ್ನನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಈ ಡಬ್ಬಾ ನಮ್ಮ ಸಿಮ್ಮಿಗೆ ನಡಿಯಂಗಿಲ್ರಿ ಮಾಸ್ತರ. ಸಿಮ್ ಚಾಲೂ ಆದ ದಿನ ಇದನ್ನ ತಂದ ಕೊಡ್ರಿ, ಸ್ಕೀಮಿನಾಗ ಹೊಸಾದ ಕೊಡಸ್ತೀನಿ.”

ಸ್ಟೂಲಿನ ಕೆಳಗೆ ಒಂದು ಗೋಣಿಚೀಲ ಇತ್ತು. ಬಾಯಿ ತೆರೆದಿತ್ತು. ಒಳಗೆ ನನ್ನಂಥವರೇ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಕೆಲವರ ಹೊಟ್ಟೆ ಬಗೆದಿತ್ತು. ನನ್ನ ಗತಿಯೂ ಅದೇ ಎಂದು ತಿಳಿಯಿತು.

ಹೊರಡುವಾಗ ಮಾಲನಬಿ ಪಕ್ಕದ ಪಾನಂಗಡಿಯಿಂದ ಎರಡು ಎಲೆ, ಒಂದು ಅಡಿಕೆ ತಂದು ಯಮನಪ್ಪನ ಅಂಗೈಯಲ್ಲಿಟ್ಟಳು.

“ಈಳ್ಯಾ ಹಿಡೀರಿ ಮಾಸ್ತರ. ನಿಮ್ಮ ರೀತಿ ನನಗ ಗೊತ್ತೈತಿ. ಇದನ್ನ ಹಿಡಿದ ಮ್ಯಾಲೆ ನೀವು ಬ್ಯಾರೆ ಕಡೆ ಹೋಗಂಗಿಲ್ಲ.”

ಅರ್ಧ ತಮಾಷೆ, ಅರ್ಧ ನಿಜ. ಎಲ್ಲರೂ ನಕ್ಕರು. ಯಮನಪ್ಪನೂ ನಕ್ಕು, ಎಲೆಯನ್ನು ಅಲ್ಲೇ ಮಡಚಿ ಬಾಯಿಗೆ ಹಾಕಿಕೊಂಡ.

ಅದೇ ದಿನ ಮಧ್ಯಾಹ್ನ ಹಳೆಯ ಕಂಪನಿಯಿಂದ ಫೋನು ಬಂತು. ಬ್ಯಾಂಡಿನವರು ಕಟ್ಟೆಯ ಮೇಲೆ ವಾದ್ಯ ಒರೆಸುತ್ತ ಕೂತಿದ್ದರು. ಬೆಂಗಳೂರಿನ ಕಡೆಯ ಹುಡುಗಿಯೊಬ್ಬಳ ಸವಿ ಸವಿ ದನಿ.

“ಸರ್, ನೀವು ನಮ್ಮನ್ನ ಬಿಟ್ಟು ಹೋಗ್ತಿದೀರಂತೆ. ಏನು ಬೇಜಾರಾಯ್ತು ಸರ್? ನಿಮಗೋಸ್ಕರ ಒಂದು ವಿಶೇಷ ಆಫರ್ ಇದೆ.”

ಯಮನಪ್ಪನಿಗೆ ಚೌಕಾಸಿಯ ಗಾಳಿ ತಾಗಿದ್ದೇ ಆಗ. “ಹೇಳ್ರಿ,” ಎಂದು ಸುಮ್ಮನಾದ. ಅವಳು ಏರಿಸಿದ ದರವನ್ನು ಇಳಿಸಿದಳು. ಇವನು ಸುಮ್ಮನೆ. ಅವಳು ದಿನಗಳನ್ನು ಹೆಚ್ಚಿಸಿದಳು. ಇವನು ಬರೀ ಹೂಂಗುಟ್ಟಿದ. ಒಂಬತ್ತೂ ನಂಬರಿಗೆ ಅದೇ ದರ ಕೊಡುತ್ತೇವೆ ಎಂದಳು.

“ಮತ್ತ ನನ್ನ ಈ ಹಳೇ ಫೋನ್?”

“ನೀವು ಏನೂ ಬದಲಾಯಿಸೋದು ಬೇಡ ಸರ್. ಅದೇ ಫೋನು, ಅದೇ ಸಿಮ್.”

ನಮ್ಮ ಓಣಿಯಲ್ಲಿ ಸಿಗ್ನಲ್ ಹರಕು. ಯಾವ ಮಾತೂ ನಡುವೆ ತುಂಡಾಗದೆ ಮುಗಿದದ್ದಿಲ್ಲ. ಅಂದು ಮಾತ್ರ ನಾನು ಒಂದಕ್ಷರವೂ ತುಂಡಾಗಲು ಬಿಡಲಿಲ್ಲ. ಇದ್ದ ಉಸಿರನ್ನೆಲ್ಲ ಬಿಗಿಹಿಡಿದು ಆ ಸವಿ ದನಿಯನ್ನು ಅವನ ಕಿವಿಗೆ ಸುರಿದೆ. ಕಣ್ಣ ಮುಂದೆ ಆ ಗೋಣಿಚೀಲವೇ ನಿಂತಿತ್ತು. ಆ ಊದಿದ ಕಾಲುಗಳು ನೆನಪಿಗೆ ಬಂದವು, ಬರಲಿಲ್ಲವೆಂದು ಸುಳ್ಳು ಹೇಳಲಾರೆ. ಬಂದರೂ ದೂಡಿದೆ.

“ಕೊನೆಯದಾಗಿ ಸರ್, ನಿಮಗೆ ಕರೆ ಮಾಡಿದವರಿಗೆ ಕೇಳಿಸೋ ಹಾಡು ಒಂದು ವರ್ಷ ಉಚಿತ.”

“ಸನಾದಿ ಐತೇನು? ಲಗ್ನದ ಸನಾದಿ?” ಎಂದು ಯಮನಪ್ಪ ಮಗುವಿನಂತೆ ಕೇಳಿದ. ಇತ್ತು. ಅಲ್ಲಿಗೆ ವ್ಯವಹಾರ ಮುಗಿಯಿತು. ಬಿಡುವುದಿಲ್ಲವೆಂದು ಒಂದು ಮೆಸೇಜು ಕಳಿಸಿದರೆ ಸಾಕೆಂದು ಅವಳು ಹೇಳಿದಳು.

ಹನಮಪ್ಪ ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟ. “ಯಮನಪ್ಪಾ, ಈಳ್ಯಾ ತಿಂದಿಯಲ್ಲೋ.”

“ಸಿಮ್ಮಿಗೆ ಎಂಥಾ ಈಳ್ಯಾನೋ ಕಾಕಾ. ಅದೇನ ಲಗ್ನದ ಮನಿಯೇನು? ಆಕಿ ಚ್ಯಾಷ್ಟಿಗೆ ಕೊಟ್ಲು, ನಾ ಚ್ಯಾಷ್ಟಿಗೆ ತಿಂದೆ.”

“ಆಕಿ ಖುರ್ಚಿ ಮಾತ್ರ ಚ್ಯಾಷ್ಟಿ ಅಲ್ಲಪಾ,” ಎಂದು ಹನಮಪ್ಪ ಮುಖ ತಿರುಗಿಸಿದ. ಯಮನಪ್ಪ ಕೇಳಿಸದವನಂತೆ ನನ್ನ ಮೇಲೆ ಬಗ್ಗಿದ.

ಕ್ಯಾನ್ಸಲ್ ಎಂದು ಒತ್ತಬೇಕಿತ್ತು. ಇಂಗ್ಲಿಷಿನ ಎ, ಬಿ, ಸಿ ಮೂರೂ ಇರುವುದು ನನ್ನ ಎರಡನೇ ಗುಂಡಿಯಲ್ಲೇ, ಆ ಒಂದು ಶಬ್ದಕ್ಕೆ ಅದು ಏಳು ಸಲ ಬೇಕು. ಏಳು ಸಲ! ನೆಟ್ಟಗೆ ಎರಡು ಸಲವೂ ಒತ್ತಿಸಿಕೊಂಡ ಗುಂಡಿ ಅಲ್ಲ ಅದು. ಅಂಟಿದ್ದರೆ ಬಹುಶಃ ಅವನು ಬೈದು, ಉಗುರಿನಿಂದ ಮೀಟುತ್ತ ಕೂರುತ್ತಿದ್ದ, ಮೀಟುವಷ್ಟರಲ್ಲಿ ಹನಮಪ್ಪನ ಮಾತು ಎದೆಗೆ ಇಳಿಯುತ್ತಿತ್ತೇನೋ. ಅದು ಅಂಟಲಿಲ್ಲ. ಬೆಣ್ಣೆಯಂತೆ ಏಳು ಸಲ ಇಳಿದು ಏಳು ಸಲ ಎದ್ದಿತು. ಮಾಸ್ತರನೇ ಕಳಿಸಿದ ಮೇಲೆ ಉಳಿದವರೂ ಕಳಿಸಿದರು. ಎಲ್ಲರಿಗಿಂತ ಕೊನೆಗೆ ಹನಮಪ್ಪ.

ಮರುದಿನ ಬೆಳಿಗ್ಗೆ ಮಾಲನಬಿಯ ಕರೆ ಬಂತು. ಅಂಗಡಿಯಲ್ಲಿ ಒಂಬತ್ತೂ ನಂಬರು ರದ್ದಾದ ಸುದ್ದಿ ತಿಳಿದಿರಬೇಕು. ಯಮನಪ್ಪ ನನ್ನ ಮುಖದ ಮೇಲೆ ಅವಳ ಹೆಸರು ನೋಡಿ ನನ್ನನ್ನು ಮಗುಚಿ ಇಟ್ಟ. ಮತ್ತೆ ಬಂತು. ಡ್ರಮ್ಮಿನ ಚೀಲದೊಳಗೆ ತುರುಕಿದ. ಅಲ್ಲೂ ಬಂತು. ಕಡೆಯ ದಿನ ಸಂಜೆಯವರೆಗೆ ಹನ್ನೊಂದು ಸಲ ನಾನು ಬಡಿದುಕೊಂಡೆ. ಆ ಕಡೆ ಅವಳ ಕಿವಿಯಲ್ಲಿ ಸನಾದಿ ಊದುತ್ತಿತ್ತು. ಅದು ನನಗೂ ಕೇಳುವುದಿಲ್ಲ, ಯಮನಪ್ಪನಿಗೂ ಕೇಳುವುದಿಲ್ಲ, ಕರೆದವರಿಗೆ ಮಾತ್ರ. ಹನ್ನೆರಡನೆಯ ಕರೆ ಬರಲಿಲ್ಲ.

ಆಮೇಲೆ ಯಮನಪ್ಪ ಬಜಾರಿಗೆ ಹೋಗುವ ದಾರಿ ಬದಲಿಸಿದ. ಕೂಟು ತಪ್ಪಿಸಿ ಸುತ್ತುಬಳಸಿ ನಡೆಯುವನು. ಸಂಚಿಯಲ್ಲಿ ಎಲೆ ಇದ್ದರೂ ಹಾಕಿಕೊಳ್ಳುವುದು ಕಡಿಮೆಯಾಯಿತು. ಒಂದು ದಿನ ಲಗ್ನದ ಮನೆಯವರು ಬಂದು ಈಳ್ಯಾ ಕೊಡುವಾಗ, “ಇದನ್ನ ಹಿಡಿದ ಮ್ಯಾಲೆ ನೀವು ಮಾತ ತಪ್ಪವ್ರಲ್ಲ ಬಿಡ್ರಿ,” ಎಂದರು. ಕೈ ಚಾಚಿದವನು ಹಾಗೇ ನಿಂತುಬಿಟ್ಟ. ನನಗಂತೂ ಅಂದಿನಿಂದ ಅವನು ಮುಖ ಒರೆಸಿದರೆ ನಾಚಿಕೆಯಾಗುತ್ತಿತ್ತು.

ತಡೆಯಲಾರದೆ ಮರುದಿನವೇ ಅವನು ಬಜಾರಿಗೆ ಹೋದ. ಕೊಡೆಯ ಕೆಳಗೆ ಬೇರೆ ಯಾರೋ ಇದ್ದರು. ಅಂಗಡಿಯ ಖುರ್ಚಿಯಲ್ಲೂ ಬೇರೆ ಯಾರೋ. ಕೇಳುತ್ತ ಕೇಳುತ್ತ ಹೋದರೆ ಮಾಲನಬಿ ಒಂದು ನೇಕಾರರ ಮನೆಯ ಪಡಸಾಲೆಯಲ್ಲಿ ನೂಲು ಸುತ್ತುತ್ತಿದ್ದಳು. ಯಮನಪ್ಪ ಜೇಬಿನಿಂದ ಎಲೆ ಅಡಿಕೆ ತೆಗೆದ.

“ತಂಗಿ, ತಪ್ಪಾತು. ಒಂಬತ್ತೂ ಮಂದಿ ಬರ್ತೀವಿ. ಈಗಂದ್ರ ಈಗ.”

“ನಾ ಈಗ ಸಿಮ್ ಮಾರಂಗಿಲ್ರಿ ಮಾಸ್ತರ.” ಅವಳ ಕೈ ರಾಟಿ ತಿರುಗಿಸುವುದನ್ನು ನಿಲ್ಲಿಸಲಿಲ್ಲ. “ಒಂಬತ್ತ ನಂಬರ ಸುಳ್ಳ ತೋರ್ಸಿದಿ ಅಂತ ತಲಿ ಮ್ಯಾಲಿನ ಕೊಡಿನೂ ಕಸಗೊಂಡ್ರು.”

ಯಮನಪ್ಪ ಅವಳೆದುರು ಕುಕ್ಕರಗಾಲಿನಲ್ಲಿ ಕೂತ.

“ನಿಮ್ಮ ಸನಾದಿ ಚೊಲೋ ಇತ್ತು ಬಿಡ್ರಿ,” ಎಂದಳು ಅವಳು. “ಹನ್ನೊಂದ ಸಲ ಕೇಳೀನಿ. ಎಲ್ಲಿ ಏರತೈತಿ, ಎಲ್ಲಿ ಇಳಿತೈತಿ, ಪೂರಾ ಬಾಯಿಪಾಠ ಆಗೇತಿ.”

ಅವನು ಎಲೆ ಹಿಡಿದ ಕೈಯನ್ನು ಇನ್ನಷ್ಟು ಮುಂದೆ ಚಾಚಿದ. ಅವಳು ಅದರ ಕಡೆ ನೋಡಿದಳು, ತಗೊಳ್ಳಲಿಲ್ಲ.

“ಬ್ಯಾಡ್ರಿ. ತಗೊಂಡ್ರ ಮುಗೀತು ಅಂದಂಗ ಆಕೈತಿ. ನನಗ ಇನ್ನಾ ಮುಗಿದಿಲ್ಲ.”

ದಾರಿಯಲ್ಲಿ ಬರುತ್ತ ಯಮನಪ್ಪ ಕಂಪನಿಗೆ ಫೋನು ಮಾಡಿ ಹಾಡು ತೆಗೆಯಿರೆಂದ. “ಯಾಕೆ ಸರ್, ಹಾಡು ಇಷ್ಟ ಆಗಲಿಲ್ವಾ?” ಎಂದಿತು ಸವಿ ದನಿ. “ನಾ ಅದನ್ನ ಕೇಳೇ ಇಲ್ಲವ್ವಾ,” ಎಂದ.

ಆ ಚೌಕಾಸಿಯಿಂದ ನನಗೆ ಸಿಕ್ಕಿದ ಆಯುಷ್ಯ ಎರಡೇ ಎರಡು ವರ್ಷ. ಆಮೇಲೆ ಹಳೆಯ ಕಂಪನಿಯವರೇ ಡಬ್ಬಾ ಫೋನು ನಡೆಯುವುದಿಲ್ಲವೆಂದರು. ಯಮನಪ್ಪ ಟಚ್ ಫೋನು ಕೊಂಡ. ನನ್ನನ್ನು ಗುಜರಿಗೆ ಹಾಕಲಿಲ್ಲ, ವಾದ್ಯದ ಟ್ರಂಕಿನ ಮೂಲೆಯಲ್ಲಿಟ್ಟ. ಆ ಮೂಲೆಯಲ್ಲಿ ಒಂದು ಚಿಕ್ಕ ಬಟ್ಟೆಯ ಗಂಟೂ ಇದೆ. ಮಾಲನಬಿ ತಗೊಳ್ಳದ ಎಲೆ ಅಡಿಕೆ ಅದರಲ್ಲಿವೆ. ಎಲೆ ಒಣಗಿ ಪುಡಿಯಾಗಿದೆ. ಅಡಿಕೆ ಹಾಗೇ ಇದೆ.

ಪ್ರತಿ ವರ್ಷ ಲಗ್ನದ ಸುಗ್ಗಿ ಶುರುವಾಗುವಾಗ ಯಮನಪ್ಪ ಟ್ರಂಕು ತೆರೆಯುತ್ತಾನೆ. ಈ ಸಲವೂ ತೆರೆದ. ನನ್ನನ್ನು ಎತ್ತಿ ಅಂಗಿಯ ತುದಿಯಿಂದ ಧೂಳು ಒರೆಸಿ, ಎರಡನೇ ಗುಂಡಿ ಒತ್ತಿದ. ಅದು ಒಳಗೇ ಅಂಟಿಕೊಂಡಿತು. ಉಗುರಿನಿಂದ ಮೀಟಿದ, ಏಳಲಿಲ್ಲ.

“ಅವತ್ತೊಂದ ದಿನ ಹಿಂಗ ಅಂಟಿಕೊಂಡಿದ್ರ ಏನಾಕಿತ್ತಲೇ ನಿನಗ?”

ಏನಾಗುತ್ತಿತ್ತೆಂದು ನನಗೆ ಗೊತ್ತಿತ್ತು. ಅದಕ್ಕೇ ಅಂಟಿಕೊಳ್ಳಲಿಲ್ಲ.