ಅಂದಾಜಿಗಿಂತ ಆಳ

ತಮ್ಮ ಸಾಗರನ ನಿಶ್ಚಿತಾರ್ಥಕ್ಕೆಂದು ಯಶೋಧರಾ ಟಿ.ಬಿ. ಡ್ಯಾಂನ ತವರುಮನೆಗೆ ಬಂದಿದ್ದಳು. ಮರುದಿನ ಎಲ್ಲರೂ ಹುಡುಗಿಯ ಊರು ಕಂಪ್ಲಿಗೆ ಹೊರಡಬೇಕಿತ್ತು. ಅವ್ವ ದುರ್ಗಕ್ಕನ ಜೊತೆ ಕೂತು ತಟ್ಟೆಗಳಿಗೆ ಹಣ್ಣು ಜೋಡಿಸುತ್ತಿದ್ದರೂ ಅವಳ ಗಮನ ಫೋನಿನ ಮೇಲೇ ಇತ್ತು.

ದೂರದ ಅಣು ವಿದ್ಯುತ್ ಸ್ಥಾವರವೊಂದರಲ್ಲಿ ಪೈಪುಗಳ ಆಯುಷ್ಯ ಲೆಕ್ಕ ಹಾಕುವುದು ಅವಳ ಕೆಲಸ. ಬಿಸಿನೀರು, ತಣ್ಣೀರು ಕೂಡುವ ಕಡೆ ಪೈಪಿನ ಒಳಮೈ ಒಂದೇ ಸಮ ಕಾದು ಆರಿ, ಕಾದು ಆರಿ ಉಕ್ಕು ದಣಿಯುತ್ತದೆ. ಕೂದಲೆಳೆಯಂಥ ಬಿರುಕು ಬಿಡುತ್ತದೆ. ಹೋದ ವರ್ಷ ಅವಳ ಮಾತು ಕೇಳಿ ಒಂದು ಕೂಡುಜಾಗವನ್ನು ಕತ್ತರಿಸಿ ನೋಡಿದ್ದರು. ಏನೂ ಸಿಕ್ಕಿರಲಿಲ್ಲ. ಅಂದಿನಿಂದ ಕ್ಯಾಂಟೀನಿನಲ್ಲಿ ಅವಳು ‘ಬಿರುಕು ಮೇಡಂ’. ಆದರೂ ಈ ಸಲ ದುರಸ್ತಿಗೆಂದು ಘಟಕ ನಿಲ್ಲಿಸಿದಾಗ ಇನ್ನೊಂದನ್ನು ಪರೀಕ್ಷಿಸಲೇಬೇಕೆಂದು ಹಟ ಹಿಡಿದು ಬಂದಿದ್ದಳು.

ಮಧ್ಯಾಹ್ನ ಮುಖ್ಯ ಎಂಜಿನಿಯರ್ ಜಂಬುನಾಥ್ ಫೋನ್ ಮಾಡಿದರು. ಅವರೂ ಇದೇ ಸೀಮೆಯವರು, ಸಂಡೂರಿನ ಕಡೆಯವರು.

“ನೀವು ಹೇಳಿದಲ್ಲೇ ಬಿರುಕು ಸಿಕ್ಕೇತಿ. ಆ ಪೈಪ್ ಬದಲಿ ಮಾಡಿಸ್ತೀನಿ. ಭಾಳ ಚಲೋ ಆತು ನೋಡ್ರಿ.”

“ಆಳ ಎಷ್ಟೈತಿ ಸರ್?”

ಅವರು ಹೇಳಿದ್ದು ಅವಳ ಅಂದಾಜಿನ ಎರಡರಷ್ಟಿತ್ತು. ಯಶೋಧರಾ ಕೈಯಲ್ಲಿದ್ದ ಹಣ್ಣು ಕೆಳಗಿಟ್ಟಳು.

“ಸರ್, ನನ್ನ ಲೆಕ್ಕ ತಪ್ಪಾಗೇತಿ.”

“ಸಿಕ್ತಲ್ಲ, ಮತ್ತೇನು ತಪ್ಪು?”

“ಇದೇ ಲೆಕ್ಕ ಹಿಡದು ಉಳಿದ ಕಡೆ ಏನೂ ಆಗಂಗಿಲ್ಲ ಅಂತ ಬರದು ಕೊಟ್ಟೀನಿ. ಅವನ್ನೂ ನೋಡಬೇಕು. ಅಲ್ಲೀತನ ಘಟಕ ಚಾಲೂ ಮಾಡಬ್ಯಾಡ್ರಿ.”

“ಮ್ಯಾಲಿನವ್ರು ನನ್ನ ಮಾತು ಕೇಳಂಗಿಲ್ಲ. ನಾಳೆ ಮೀಟಿಂಗ್ ಐತಿ, ನೀವೇ ಬಂದು ಹೇಳ್ರಿ.”

ಕಂಪ್ಲಿಗೆ ಬರಲಾಗುವುದಿಲ್ಲ ಎಂದಾಗ ದುರ್ಗಕ್ಕ ತಲೆಯೆತ್ತಲಿಲ್ಲ. “ಹುಡುಗಿ ಕಡ್ಯಾರು ಅಕ್ಕ ಎಲ್ಲಿ ಅಂತ ಕೇಳಿದ್ರ ಏನು ಹೇಳ್ಲಿ?”

“ಕೆಲಸದಾಗ ತಪ್ಪು ಮಾಡ್ಯಾಳ, ಸರಿ ಮಾಡಾಕ ಹೋಗ್ಯಾಳ ಅಂತ ಹೇಳವ್ವ.”

ಸಾಗರ ಬೈಕಿನಲ್ಲಿ ಹೊಸಪೇಟೆ ಬಸ್‌ಸ್ಟ್ಯಾಂಡಿಗೆ ಬಿಟ್ಟ. ಅವಳು ಬಸ್ ಹತ್ತುವಾಗ, “ಮದುವಿಗಾದ್ರೂ ಇರು ಅಕ್ಕಾ,” ಅಂದ.

ಮೀಟಿಂಗಿನಲ್ಲಿ ಒಬ್ಬರು ನಕ್ಕರು, ಮತ್ತೊಬ್ಬರು ಸಿಟ್ಟಾದರು. ಕೊನೆಗೆ ಉಳಿದ ಕಡೆಗಳನ್ನೂ ಪರೀಕ್ಷಿಸಲು ಒಪ್ಪಿದರು. ಅವಳು ಸುರಕ್ಷಿತವೆಂದು ಬರೆದಿದ್ದ ಇನ್ನೆರಡು ಕಡೆ ಬಿರುಕು ಶುರುವಾಗಿತ್ತು. ಅವನ್ನು ಬದಲಾಯಿಸಿದ ಮೇಲೆ ಘಟಕ ತಡವಾಗಿ ಚಾಲೂ ಆಯಿತು. ಯಾರೂ ಅವಳನ್ನು ಬೈಯಲಿಲ್ಲ, ಹೊಗಳಲೂ ಇಲ್ಲ.

ಬಿರುಕು ಕಾಣದ ಪೈಪುಗಳು ಇನ್ನೆಷ್ಟು ವರ್ಷ ಬಾಳುತ್ತವೆ ಎಂದು ಜಂಬುನಾಥ್ ಕೇಳಿದರು.

“ಗೊತ್ತಿಲ್ಲ ಸರ್,” ಅಂದಳು ಯಶೋಧರಾ. “ಘಟಕ ನಿಲ್ಲಿಸಿದಾಗೆಲ್ಲ ನೋಡ್ಕೋಂತ ಹೋಗಬೇಕು.”