ಅರ್ಧದ ಲೆಕ್ಕ

ನೆಂಟ ಪಂಕಜನ ಹೆಸರಿಗೂ ನಾಲ್ಕನೆಯ ಬಣ್ಣ ಬಿತ್ತು. ಋತುಜಾ ಲ್ಯಾಪ್‌ಟಾಪಿನಿಂದ ಕೈ ತೆಗೆದು ಕುರ್ಚಿಗೆ ಒರಗಿದಳು. ಅಜ್ಜ ಅಜ್ಜಿಯರು ನಾಲ್ವರು, ಅದಕ್ಕೆ ಬಣ್ಣವೂ ನಾಲ್ಕು. ಯಾವ ನೆಂಟ ಯಾರ ಕಡೆಯವನೋ ಆ ಬಣ್ಣ ಅವನಿಗೆ. ಇಂಟರ್ನೆಟ್ಟಿನಲ್ಲಿ ಯಾರೋ ಹೇಳಿಕೊಟ್ಟ ಉಪಾಯ. ಬೇರೆ ಜನರಿಗೆ ಅದು ಸಲೀಸಾಗಿ ನಡೆಯುತ್ತದೇನೋ. ಇಲ್ಲಿ ಮಾತ್ರ ಪರದೆಯ ತುಂಬ ಒಬ್ಬೊಬ್ಬರೂ ನಾಲ್ಕೂ ಬಣ್ಣ ಬಳಿದುಕೊಂಡು, ರಂಗಪಂಚಮಿಯ ದಿನ ಸಾಂಗ್ಲಿಯ ಗಲ್ಲಿಯಲ್ಲಿ ಸಿಕ್ಕಿಬಿದ್ದವರ ಹಾಗೆ ಕಾಣುತ್ತಿದ್ದರು.

ಇಷ್ಟಕ್ಕೆಲ್ಲ ಮೂಲ ಮಿರಜದ ನೇಮಿನಾಥ. ಋತುಜಾಳ ತಂದೆ ಧನಪಾಲನಿಗೆ ಅವನು ಸೋದರಮಾವನ ಮಗ. ಸಾಂಗ್ಲಿಯ ಪೇಟೆಯಲ್ಲಿ ಅರಿಸಿನದ ವ್ಯಾಪಾರ. ಕನ್ನಡ ಮಾತಾಡುವ ಜೈನರು ನಾವು, ಈ ಸೀಮೆಗೆ ಎಲ್ಲಿಂದ ಬಂದೆವು, ಯಾರು ಯಾರಿಗೆ ಏನಾಗಬೇಕು, ಎಲ್ಲವೂ ಒಂದು ವಂಶಾವಳಿಯಾಗಿ ಸಮಾಜದ ಮುಂದೆ ಬರಬೇಕೆಂಬ ಹುಕಿ ಅವನಿಗೆ ಹುಟ್ಟಿತ್ತು. ಮುಂಬಯಿಯ ಯಾವುದೋ ಕಂಪನಿಯಿಂದ ಡಿಎನ್‌ಎ ಪರೀಕ್ಷೆಯ ಡಬ್ಬಿಗಳನ್ನು ತರಿಸಿ ಬಳಗದ ಹುಡುಗ ಹುಡುಗಿಯರಿಗೆಲ್ಲ ಹಂಚಿದ. ಸಣ್ಣ ನಳಿಗೆಯೊಳಗೆ ಉಗುಳಿ ಕಳಿಸಿದರೆ ಆಯಿತು. ಹಿರಿಯರು ಮಾತ್ರ ಯಾರೂ ಒಪ್ಪಲಿಲ್ಲ. ಉಗುಳುವುದಕ್ಕೆ ಡಬ್ಬಿ ಯಾಕೆ, ಊರ ತುಂಬ ಗೋಡೆಗಳಿವೆ ಎಂದು ಧನಪಾಲ ನಕ್ಕುಬಿಟ್ಟಿದ್ದ.

ಫಲಿತಾಂಶ ಬಂದದ್ದು ಕೃಷ್ಣೆಗೆ ಮಹಾಪೂರ ಬಂದ ಹಾಗೆ. ಒಬ್ಬೊಬ್ಬರ ಹೆಸರಿನ ಕೆಳಗೆ ಸಾವಿರಾರು ನೆಂಟರು. ಪುಣೆಯವರು, ಕೊಲ್ಹಾಪುರದವರು, ಬೆಳಗಾವಿಯವರು, ಎಂದೂ ಹೆಸರು ಕೇಳದ ದೇಶದಲ್ಲಿ ಕೂತವರು. ಅವರಲ್ಲಿ ಅರ್ಧದಷ್ಟು ಮಂದಿ ‘ನಾವು ನಿಮಗೆ ಏನಾಗಬೇಕು?’ ಎಂದು ಬರೆದು ಕೇಳುವವರೇ. ಸಾಂಗ್ಲಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆಂಬ ಒಂದೇ ತಪ್ಪಿಗೆ ಇದನ್ನೆಲ್ಲ ಹೊಂದಿಸುವ ಕೆಲಸ ಋತುಜಾಳ ಕೊರಳಿಗೆ ಬಿತ್ತು. ವಾರವಿಡೀ ಸಾಂಗ್ಲಿಯ ಬಾಡಿಗೆ ಕೋಣೆ, ಶನಿವಾರ ಹುಟ್ಟೂರು ಬೇಡಗದ ಮನೆ. ಎರಡೂ ಕಡೆ ಅವಳ ಹಿಂದೆ ಆ ಹೆಸರುಗಳು.

ಕಂಪನಿಯ ಯಂತ್ರಕ್ಕೆ ಈ ಜನರ ರೂಢಿ ತಿಳಿಯದು. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು, ಸೋದರಮಾವನ ಮಗನಿಗೆ ಸೋದರತ್ತೆಯ ಮಗಳನ್ನು ತರುವುದು, ಕೊಟ್ಟ ಮನೆಯಿಂದಲೇ ಮತ್ತೆ ತಂದು, ತಂದ ಮನೆಗೇ ಮತ್ತೆ ಕೊಡುವುದು; ಹೀಗೆ ತಲೆಮಾರುಗಟ್ಟಲೆ ಒಂದೇ ದಾರಕ್ಕೆ ಗಂಟಿನ ಮೇಲೆ ಗಂಟು ಬಿದ್ದಿತ್ತು. ಯಂತ್ರವೋ ಆ ಗಂಟುಗಳನ್ನು ನೋಡಿ ದೂರದವರನ್ನೆಲ್ಲ ಹತ್ತಿರದವರೆಂದು ಹೇಳುತ್ತಿತ್ತು. ಕೆಲವು ದಿನ ಒದ್ದಾಡಿದ ಮೇಲೆ ಋತುಜಾ ಒಂದು ಸೂತ್ರ ಕಂಡುಕೊಂಡಳು: ಯಂತ್ರ ಎಷ್ಟು ನಂಟು ಎನ್ನುತ್ತದೋ ಅದರಲ್ಲಿ ಅರ್ಧ ಹಿಡಿಯುವುದು, ಉಳಿದ ಅರ್ಧ ರೂಢಿಯ ಪಾಲು. ಬಳಗದ ವಾಟ್ಸಾಪ್ ಗುಂಪಿಗೂ ಅದನ್ನೇ ಬರೆದು ಹಾಕಿದಳು. ಬರುವ ಪ್ರಶ್ನೆಗಳೂ ಅರ್ಧವಾದವು.

ಆ ಸೂತ್ರ ಅವಳಿಗೂ ಒದಗಿ ಬಂದಿತ್ತು. ನೇಮಿನಾಥನ ಮಗ ಶ್ರೇಣಿಕ ಮಿರಜದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಋತುಜಾಳನ್ನು ಅವನಿಗೆ ತರುವ ಮಾತು ಒಂದು ವರ್ಷದಿಂದ ನಡೆದಿತ್ತು. ಅಜ್ಜಿಯ ತವರಿಗೇ ಮೊಮ್ಮಗಳು ಹೋಗುವುದು, ಬಳಗದಲ್ಲಿ ಇದಕ್ಕಿಂತ ನೆಟ್ಟಗಿನ ಸಂಬಂಧ ಇನ್ನೊಂದಿಲ್ಲ. ಅವರಿಬ್ಬರಿಗೂ ಮನಸ್ಸಿತ್ತು. ಯಂತ್ರ ನೋಡಿದರೆ, ಇವರಿಬ್ಬರ ತಂದೆಯರು ಒಡಹುಟ್ಟಿದವರಿರಬೇಕು ಎಂದಿತ್ತು. ಶ್ರೇಣಿಕನೇ ಫೋನು ಮಾಡಿ, ಕಂಪನಿಯವರು ನಮ್ಮನ್ನು ಅಣ್ಣ ತಂಗಿ ಮಾಡಿದ್ದಾರೆ, ಸಾಖರಪುಡಾದ ದಿನ, ನಿಶ್ಚಿತಾರ್ಥಕ್ಕೆ, ಸೀರೆಯ ಬದಲು ರಾಖಿ ತರಲೇ ಎಂದು ಕಾಡಿದ್ದ. ಇಬ್ಬರೂ ನಕ್ಕಿದ್ದರು. ಅರ್ಧ ಮಾಡಿ ಮರೆತಿದ್ದರು.

ಈಗ ಪಂಕಜನ ಸಾಲು ನೋಡುತ್ತ ನೋಡುತ್ತ ಋತುಜಾಳಿಗೆ ಏನೋ ಚುಚ್ಚಿತು. ಅವಳ ಅಜ್ಜಿ, ಧನಪಾಲನ ತಾಯಿ ಸಖುಬಾಯಿಗೆ ಇಬ್ಬರು ಅಣ್ಣಂದಿರು. ಒಬ್ಬನ ಮೊಮ್ಮಗ ಪಂಕಜ, ಇನ್ನೊಬ್ಬನ ಮೊಮ್ಮಗ ಶ್ರೇಣಿಕ. ಅವಳಿಗೆ ಇಬ್ಬರೂ ಒಂದೇ ದೂರದವರು. ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಪಂಕಜನದು ಶ್ರೇಣಿಕನದರ ಅರ್ಧವೂ ಇರಲಿಲ್ಲ. ಶ್ರೇಣಿಕನ ತಂಗಿ ಸೋನಲಳದನ್ನು ತೆಗೆದು ನೋಡಿದಳು. ಅದು ಅಣ್ಣನದಕ್ಕೆ ಜೋಡಿಯಾಗಿತ್ತು. ರೂಢಿಯ ಪಾಲೇ ಆಗಿದ್ದರೆ ಎಲ್ಲ ಮನೆಗೂ ಒಂದೇ ತೆರನಾಗಿ ಬರಬೇಕಿತ್ತು. ಬಳಗಕ್ಕೆಲ್ಲ ಸರಿಹೋದ ಸೂತ್ರ ಆ ಒಂದು ಮನೆಯ ಹೊಸ್ತಿಲಲ್ಲಿ ಮಾತ್ರ ಎಡವಿತ್ತು. ಹಿರಿಯರಲ್ಲಿ ಒಬ್ಬರನ್ನು ಪರೀಕ್ಷೆ ಮಾಡಿಸಿದರೆ ಗೊಂದಲ ಬಗೆಹರಿಯುತ್ತದೆ ಎಂದು ಅವಳು ಓದಿದ್ದಳು. ಉಳಿದಿದ್ದ ಡಬ್ಬಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಶನಿವಾರ ಬೇಡಗದ ಬಸ್ಸು ಹತ್ತಿದಳು.

ಮನೆಗೆ ಬಂದಾಗ ಸಖುಬಾಯಿ ಪಡಸಾಲೆಯಲ್ಲಿ ಊಟ ಮುಗಿಸುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಆಕೆ ತುತ್ತು ಮುಟ್ಟುವವಳಲ್ಲ. ಧನಪಾಲ ದ್ರಾಕ್ಷಿ ತೋಟದಲ್ಲಿದ್ದ, ಋತುಜಾಳ ತಾಯಿ ಬಸದಿಗೆ ಹೋಗಿದ್ದಳು. ಋತುಜಾ ಡಬ್ಬಿ ತೆಗೆದು ವಿಷಯ ಹೇಳಿದಳು. ಈಗಷ್ಟೇ ಉಂಡಿದ್ದೇನೆ, ಬಾಯಿ ಎಂಜಲು ಎಂದಳು ಅಜ್ಜಿ. ಅರ್ಧ ತಾಸು ಬಿಟ್ಟು ಕೊಡಬಹುದು ಎಂದದ್ದಕ್ಕೆ, ಮುಚ್ಚಿಟ್ಟ ಉಗುಳಿನಲ್ಲಿ ಜೀವಿಗಳು ಹುಟ್ಟುತ್ತವೆ, ಆ ಹಿಂಸೆ ಯಾರ ತಲೆಗೆ ಎಂದಳು. ಋತುಜಾ ನಕ್ಕಳು. ಆಮೇಲೆ ನಗು ಬಿಟ್ಟು, ಪಂಕಜನ ಅಂಕಿ, ಶ್ರೇಣಿಕನ ಅಂಕಿ, ಸೋನಲಳ ಅಂಕಿ, ಒಂದೊಂದಾಗಿ ಮರಾಠಿ ಬೆರೆತ ತನ್ನ ಹರಕುಮುರುಕು ಕನ್ನಡದಲ್ಲಿ ಬಿಡಿಸಿ ಹೇಳಿದಳು.

ಸಖುಬಾಯಿ ತಾಟಿನಲ್ಲಿ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನು ಕುಡಿದಳು. ಅನ್ನದ ಅಗಳು ಹಾಳಾಗಬಾರದೆಂಬುದು ಆಕೆಯ ನೇಮ. ತಾಟನ್ನು ಗೋಡೆಗೆ ಒರಗಿಸಿ ಇಟ್ಟಳು.

"ಯಾರಿಗರೆ ಹೇಳಿಯೇನು?"

"ಇಲ್ರಿ ಆಜಿ."

"ನಿಮ್ಮಪ್ಪನ್ನ ನಾ ಹಡದಿಲ್ಲವಾ," ಎಂದಳು ಸಖುಬಾಯಿ. ದನಿ ಏರಲಿಲ್ಲ, ಇಳಿಯಲಿಲ್ಲ. "ಹಡದಾಕಿ ನೇಮಿನಾಥನ ಅವ್ವ. ನಮ್ಮ ವೈನಿ."

ಕಥೆ ಹೇಳುವುದರಲ್ಲಿ ಸಖುಬಾಯಿ ಎತ್ತಿದ ಕೈ. ಋತುಜಾಳನ್ನು ರಾಜಕುಮಾರರ ಬೆನ್ನಿಗೆ ಕಟ್ಟಿ ಏಳು ಕಡಲು ದಾಟಿಸಿದವಳು ಆಕೆಯೇ. ಇದನ್ನು ಮಾತ್ರ ನಾಲ್ಕೇ ಮಾತಿನಲ್ಲಿ ಮುಗಿಸಿದಳು. ಮೊದಲೆರಡು ಬಸಿರು ನಿಂತಿರಲಿಲ್ಲ. ಬೇಡಗದ ಅತ್ತೆ ಆಗಲೇ ಮಗನಿಗೆ ಇನ್ನೊಂದು ಹೆಣ್ಣು ನೋಡಿ ಇಟ್ಟಿದ್ದಳು. ಮೂರನೆಯದಕ್ಕೆ ಸಖುಬಾಯಿ ಮಿರಜದ ತವರಿಗೆ ಬಂದಾಗ ಅಣ್ಣನ ಹೆಂಡತಿಗೂ ದಿನ ತುಂಬಿದ್ದವು. ವೈನಿ ಬೆಳಿಗ್ಗೆ ಗಂಡು ಹೆತ್ತಳು. ಸಂಜೆ ಸಖುಬಾಯಿಗೆ ಹೆಣ್ಣು ಹುಟ್ಟಿತು, ಉಸಿರು ಇರಲಿಲ್ಲ. ಕೋಣೆಯಲ್ಲಿ ಇದ್ದವರು ಅವರಿಬ್ಬರು, ಮತ್ತು ಒಬ್ಬಳಿಗೆ ಅತ್ತೆ, ಇನ್ನೊಬ್ಬಳಿಗೆ ತಾಯಿ ಆದ ಮುದುಕಿ. ವೈನಿ ಎದ್ದು ಬಂದು ತನ್ನ ಕೂಸನ್ನು ನಾದಿನಿಯ ಮಡಿಲಿಗೆ ಹಾಕಿದಳು. ಸತ್ತದ್ದನ್ನು ತಾನು ತೆಗೆದುಕೊಂಡು, ಬಾಗಿಲಲ್ಲಿ ನಿಂತ ಗಂಡಸರಿಗೆ ತನ್ನ ಕೂಸು ಹೋಯಿತೆಂದು ಹೇಳಿ ಅತ್ತಳು. ಮುಂದೆ ಸಾಯುವ ತನಕ ಆ ಮಾತು ಎತ್ತಲಿಲ್ಲ.

"ಮತ್ತ ಈ ಲಗ್ನಾ?" ಎಂದಳು ಋತುಜಾ. "ನೀವ್ ಯಾಕ ಸುಮ್ಮನಿದ್ರಿ?"

"ಸುಮ್ಮನ ಎಲ್ಲಿದ್ನಿ? ವೈನಿ ಸತ್ತ ವರ್ಷ ತುಂಬಲಿ ಅಂದ್ನಿ. ಆಷಾಢ ಅಂದ್ನಿ. ಚಾತುರ್ಮಾಸ ಅಂದ್ನಿ. ದೀಪಾವಳಿ ಆತು, ನೆವಾನೂ ಮುಗದುವು. ಇನ್ನ ನಾ ಬಾಯಿ ತಗೀಬೇಕ, ಇಲ್ಲಂದ್ರ ನೀ ಒಲ್ಲೆ ಅನಬೇಕ."

"ಪಪ್ಪಾಗ ಹೇಳಿದ್ರ?"

"ಹೇಳು. ನಾ ಸುಳ್ಳಂತ ಅನ್ನಂಗಿಲ್ಲ." ಸಖುಬಾಯಿ ಕೈ ಚಾಚಿದಳು. "ತಾ ಇಲ್ಲಿ ಆ ಡಬ್ಬಿ. ನಂಬಿಗಿ ಬರದಿದ್ರ ಉಗಳಿ ಕೊಡ್ತೇನಿ."

ಋತುಜಾ ಡಬ್ಬಿಯನ್ನು ಚೀಲದೊಳಗೆ ಹಾಕಿ ಜಿಪ್ ಎಳೆದಳು. ಅಂಗಳದಲ್ಲಿ ಧನಪಾಲನ ಮೋಟರ್‌ಸೈಕಲ್ಲಿನ ಸದ್ದಾಯಿತು. ಬಂದವನೇ, ಔಷಧಿ ಹೊಡೆದ ಕೈ ಮುಟ್ಟಬೇಡ ಅವ್ವಾ ಎನ್ನುತ್ತ ದೂರ ನಿಂತು, ಉಂಡೆಯಾ ಎಂದು ತಾಯಿಯನ್ನು ಕೇಳಿದ. ದಿನವೂ ಕೇಳುತ್ತಿದ್ದ. ಉಂಡೆನಪ್ಪಾ ಎಂದಳು ಸಖುಬಾಯಿ.

ಮರುದಿನ ಬೆಳಿಗ್ಗೆ ಋತುಜಾ ತಂದೆಗೆ ಶ್ರೇಣಿಕ ಬೇಡವೆಂದು ಹೇಳಿದಳು. ಕಾರಣ ಕೇಳಿದ, ಮನಸ್ಸಿಲ್ಲ ಎಂದಳು. ನಿನ್ನೆಯತನಕ ಇದ್ದ ಮನಸ್ಸು ಎಲ್ಲಿ ಹೋಯಿತೆಂದು ಕೇಳಿದ. ತಾಯಿ ಅತ್ತಳು, ಕಾಲೇಜಿನಲ್ಲಿ ಬೇರೆ ಯಾರಾದರೂ ಇದ್ದಾರೇನು ಎಂದಳು. ಇದ್ದಾರೆಂದು ತಿಳಿದುಕೊಂಡರೆ ಹಾಗೇ ಆಗಲಿ ಎಂದು ಋತುಜಾ ಅಲ್ಲಗಳೆಯಲಿಲ್ಲ. ಧನಪಾಲ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದು, ಕೊನೆಗೆ ಅಂಗಿ ಹಾಕಿಕೊಂಡ.

"ನಮ್ಮವ್ವನ ತವರಮನಿ ಅದು. ಫೋನಿನ್ಯಾಗ ಹೇಳೂ ಮಾತಲ್ಲ. ನಡಿ, ನೀನೂ ಬಾ. ಅವರ ಮುಂದ ನಿಂದರು."

ಮಿರಜದ ಮನೆಯಲ್ಲಿ ನೇಮಿನಾಥ ಎಂದಿನಂತೆ ಬಾಗಿಲಲ್ಲೇ ಕಾಲೆಳೆದ. ಬೇಡಗದಲ್ಲಿ ಚಹಾಪುಡಿ ಮುಗಿದರೆ ನಮ್ಮ ಭಾವನಿಗೆ ಮಿರಜ ನೆನಪಾಗುತ್ತದೆ ಎಂದ. ಹುಟ್ಟಿದಾಗಿನಿಂದ ಇಬ್ಬರದೂ ಇದೇ ಆಟ. ಭಾವ ಮೈದುನರ ನಂಟಿನಲ್ಲಿ ಬೈದಷ್ಟೂ ಪ್ರೀತಿ. ಧನಪಾಲ ಕೂರಲಿಲ್ಲ. ನಿಂತಲ್ಲೇ ಹೇಳಿದ. ಒಳಗೆ ಪಾತ್ರೆಯ ಸದ್ದು ನಿಂತಿತು. ಶ್ರೇಣಿಕ ಮೆಟ್ಟಿಲ ಮೇಲಿಂದ ಋತುಜಾಳನ್ನು ನೋಡಿದ. ಅವಳು ನೆಲ ನೋಡಿದಳು.

ನೇಮಿನಾಥ ಮೀಸೆ ಸವರಿಕೊಂಡ. "ಹುಡುಗಿ ಒಲ್ಲೆ ಅಂದಮ್ಯಾಲೆ ಮುಗೀತು. ನೀ ಯಾಕ ಕಳ್ಳನಂಗ ನಿಂತಿ? ಕುಂದ್ರ ಭಾವಾ. ಸೋಯರಿಕಿ ಆಗಲಿಲ್ಲಂದ್ರ ನೀ ಏನ್ ನನಗ ಹೊರಗಿನವ ಆದಿ?" ಆಮೇಲೆ, ಮನೆಯೊಳಗಿನ ಭಾರವನ್ನು ಹೇಗಾದರೂ ಸರಿಸಬೇಕೆಂಬಂತೆ, ಕಪಾಟಿನಿಂದ ಎರಡು ಡಬ್ಬಿ ತಂದು ಮುಂದಿಟ್ಟ. ಹುಡುಗರದು ಆಯಿತು, ಇನ್ನು ಹಿರಿಯರ ಸರದಿ, ನಾವಿಬ್ಬರೂ ಶುರು ಮಾಡಿದರೆ ಉಳಿದವರು ತಾವೇ ಬರುತ್ತಾರೆ ಎಂದ. "ಲಗ್ನ ಕೂಡಿ ಮಾಡೂದು ಆಗಲಿಲ್ಲ, ಕೂಡಿ ಉಗಳೂಣರೆ ನಡಿ."

ಬೇರೆ ದಿನವಾಗಿದ್ದರೆ ಧನಪಾಲ ಗೋಡೆಯ ಮಾತೆತ್ತಿ ನಗುತ್ತಿದ್ದ. ಇವತ್ತು ಅವನಿಗೆ ಈ ಮನೆಯಲ್ಲಿ ಏನನ್ನೂ ಬೇಡ ಎನ್ನುವ ಮುಖವಿರಲಿಲ್ಲ. ಕೈ ಚಾಚಿ ನಳಿಗೆ ಎತ್ತಿಕೊಂಡ, ಮುಚ್ಚಳ ತಿರುವಿದ.

ಋತುಜಾ ಎದ್ದು ಬಂದು ತಂದೆಯ ಕೈಯಿಂದ ಅದನ್ನು ತೆಗೆದುಕೊಂಡಳು. ಇನ್ನೊಂದು ಡಬ್ಬಿಯನ್ನೂ ಎತ್ತಿದಳು.

"ಮಾಮಾ, ಮೊದಲ ಬಂದದ್ದ ಇನ್ನ ಹೊಂದಿಸಾಕ ಆಗಿಲ್ಲ. ಮತ್ತ ಬ್ಯಾಡ್ರಿ. ನಂಗ ಈ ಕೆಲಸಾನ ಬ್ಯಾಡ."

"ಹುಡುಗನೂ ಬ್ಯಾಡ, ಕೆಲಸಾನೂ ಬ್ಯಾಡ," ಎಂದ ನೇಮಿನಾಥ. ಈ ಸಲ ನಗಲಿಲ್ಲ. "ನಮ್ಮ ಮನಿದು ಏನೂ ಬ್ಯಾಡನು?"

ಧನಪಾಲ ಮಗಳ ಕಡೆಗೆ ತಿರುಗಿ ಮರಾಠಿಯಲ್ಲಿ, ಜನರ ಮುಂದೆ ಹೀಗೆ ನಡೆದುಕೊಳ್ಳುವುದನ್ನು ಯಾರು ಕಲಿಸಿದರು ಎಂದು ಕೇಳಿದ. ಅವಳು ಹುಟ್ಟಿದಾಗಿನಿಂದ ಅವಳ ಮೇಲೆ ಅವನು ದನಿ ಎತ್ತಿದ್ದು ಅದೇ ಮೊದಲು. ಅವಳು ಎರಡೂ ಡಬ್ಬಿಗಳನ್ನು ಹಿಡಿದುಕೊಂಡೇ ಹಿತ್ತಲಿಗೆ ಹೋದಳು.

ಶ್ರೇಣಿಕ ನಳದ ಹತ್ತಿರ ಬಂದು ನಿಂತ. ನೀರು ಬಿಟ್ಟು ಕೈ ತೊಳೆದ. ನಿಲ್ಲಿಸಿ, ಮತ್ತೆ ತೊಳೆದ.

"ನಾನೂ ನೋಡ್ದ್ನಿ. ನಿನ್ನಿ ಫೋನ್ ತಗೀಲಿಲ್ಲಲ್ಲ ನೀ, ಆವಾಗ," ಎಂದ. "ಸೋನಲಂದೂ ಅಷ್ಟ ಐತಿ."

"ಹೂಂ."

"ಪಂಕಜಂದು ಇಲ್ಲ."

"ಇಲ್ಲ."

ಅವನು ಗೋಡೆಯ ಆಚೆ ತೆಂಗಿನ ಗರಿಗಳನ್ನು ನೋಡುತ್ತ ನಿಂತ. ಲ್ಯಾಬಿನಲ್ಲಿ ದಿನವೂ ಎಷ್ಟೋ ಜನರ ಚೀಟಿಗಳನ್ನು ಮಡಿಚಿ ಲಕೋಟೆಗೆ ಹಾಕಿ, ಮುಖ ನೋಡದೆ ಕೈಗೆ ಕೊಡುವವನು. "ಯಾರಿಗೆ ಗೊತ್ತೈತಿ?" ಎಂದು ಕೇಳಿದ.

"ಆಜಿಗೆ. ಈಗ ನಮಗ."

"ಇವರಿಬ್ಬರಿಗೆ?"

"ಬ್ಯಾಡ."

ಶ್ರೇಣಿಕ ಅವಳ ಕೈಯಿಂದ ಡಬ್ಬಿಗಳನ್ನು ತೆಗೆದುಕೊಂಡ. ಲ್ಯಾಬಿನ ಕಸದ ಜೊತೆ ಸುಡಲು ಹೋಗುತ್ತವೆ, ಪಪ್ಪಾ ಮತ್ತೆ ತರಿಸಿದರೂ ಕಂಪನಿಗೆ ತನ್ನ ಕೈಯಿಂದಲೇ ಹೋಗಬೇಕಲ್ಲ ಎಂದ. ಅವಳು ಅವನ ಹೆಸರು ಹಿಡಿದು ಕರೆಯಲು ಬಾಯಿ ತೆರೆದು, ಕರೆಯದೆ, ಒಳಗೆ ಬಂದಳು.

ಉಂಡ ಕೂಡಲೇ ಹೊರಡುತ್ತೇನೆಂದು ಧನಪಾಲ ಎದ್ದ. ನೇಮಿನಾಥ ಬಿಡಲಿಲ್ಲ. ಸಿಟ್ಟು ಮಾಡಿಕೊಂಡು ಹೋಗುವುದಾದರೂ ಬಿಸಿಲು ಇಳಿದ ಮೇಲೆ ಹೋಗು ಎಂದು, ಒಂದು ದಿಂಬನ್ನು ಅವನತ್ತ ಎಸೆದ.

ಪಾತ್ರೆ ತೊಳೆಯಲು ಕೈ ಹಚ್ಚಹೋದರೆ ನೇಮಿನಾಥನ ಹೆಂಡತಿ ಋತುಜಾಳನ್ನು ಮುಟ್ಟಗೊಡಲಿಲ್ಲ. ಅವಳು ಹೊರಗಿನ ಕೋಣೆಗೆ ಬಂದಳು. ಜಮಖಾನೆಯ ಮೇಲೆ ಇಬ್ಬರೂ ಮಲಗಿಬಿಟ್ಟಿದ್ದರು, ಬೆನ್ನಿಗೆ ಬೆನ್ನು ಮಾಡಿ. ಇಬ್ಬರೂ ಮೊಳಕಾಲು ಮಡಿಚಿ, ಎರಡು ಅಂಗೈಗಳನ್ನು ಜೋಡಿಸಿ ಕೆನ್ನೆಯ ಕೆಳಗೆ ಇಟ್ಟುಕೊಂಡಿದ್ದರು, ಚಿಕ್ಕ ಮಕ್ಕಳ ಹಾಗೆ. ಕಿಟಕಿಯ ಬಿಸಿಲು ಜಮಖಾನೆಯ ಅಂಚು ದಾಟಿ ಧನಪಾಲನ ಮುಖಕ್ಕೆ ಹತ್ತುತ್ತಿತ್ತು. ಋತುಜಾ ಸದ್ದಾಗದಂತೆ ಪರದೆ ಎಳೆದಳು.