ಮಾವ ಅಂಟಿಸಿದ ಬಿಳಿ ಕಾಗದ

ನಮ್ಮ ಮನೆಯಲ್ಲಿ ಸೋದರಮಾವ ಹೇಳಿದ್ದಕ್ಕೆ ಎರಡು ಮಾತಿಲ್ಲ. ಊರಲ್ಲಿ ನಮ್ಮ ಭಾಷೆಯವರು ಬೆರಳೆಣಿಕೆಯಷ್ಟು. ಅವರಲ್ಲಿ ಕಾಲೇಜಿನ ಇಂಗ್ಲಿಷ್ ಮೇಷ್ಟ್ರಾದವರು ಅವರೊಬ್ಬರೇ. ನಮ್ಮಂಥ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆಂದು ಮೊದಲ ವರ್ಷದ ಇಂಗ್ಲಿಷನ್ನು ಹಗುರ ಮಾಡಿ ಬೇರೆ ತರಗತಿ ತೆರೆದವರೂ ಅವರೇ. ಕಷ್ಟದ ಭಾಗಗಳ ಮೇಲೆಲ್ಲ ಬಿಳಿ ಕಾಗದ ಅಂಟಿಸಿದ ಪುಸ್ತಕವನ್ನು ನನ್ನ ತಂಗಿಯ ಕೈಗಿಟ್ಟು, "ಇಷ್ಟು ಓದ್ಕೊಂಡ್ರೆ ಸಾಕಮ್ಮ, ನಮ್ಮ ಮಕ್ಳಿಗೆ ಯಾಕೆ ಆ ಹೊರೆ" ಎಂದಿದ್ದರು. ನಾನು ಸಮವಸ್ತ್ರ ಹೊಲಿಯುವ ಅಂಗಡಿಯವಳು, ನನಗೇನು ತಿಳಿಯುತ್ತದೆ? ದೇವರಂಥ ಮನುಷ್ಯ ಅಂದುಕೊಂಡೆ.

ತಂಗಿಗೆ ಇಂಗ್ಲಿಷಿನಲ್ಲಿ ತೊಂಬತ್ತೊಂದು ಅಂಕ ಬಂತು. ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ತಂಗಿಗೆ ಚಿಕ್ಕಂದಿನಿಂದಲೂ ನರ್ಸ್ ಆಗುವ ಹುಚ್ಚು. ನರ್ಸಿಂಗಿಗೆ ಅರ್ಜಿ ಹಾಕಿದರೆ ಅಲ್ಲಿನ ಗುಮಾಸ್ತ ಅಂಕಪಟ್ಟಿಯನ್ನು ಹಿಂದಕ್ಕೆ ತಳ್ಳಿದ.

"ಇದು ಸುಲಭದ ಇಂಗ್ಲಿಷ್ ಪತ್ರಿಕೆ, ಇಲ್ಲಿ ನಡೆಯಲ್ಲ. ನಿಮ್ಮ ಮೇಷ್ಟ್ರಿಗೆ ಮೊದಲಿಂದ್ಲೂ ಗೊತ್ತಲ್ಲ."

ಮನೆಗೆ ಬಂದವಳೇ ತಂಗಿ ಒದ್ದೆ ಬಟ್ಟೆಯಿಂದ ಆ ಕಾಗದಗಳನ್ನು ಒಂದೊಂದಾಗಿ ಕಿತ್ತಳು. ಅರ್ಧ ಪುಸ್ತಕ ಅವುಗಳಡಿಯಲ್ಲೇ ಇತ್ತು.

ಮಾರನೆಯ ದಿನ ಮಾವ ಬಂದರು.

"ಗೊತ್ತಿತ್ತಾ ಮಾವ?" ಎಂದಳು ತಂಗಿ.

"ಗೊತ್ತಿತ್ತು. ಹೇಳಿದ್ರೆ ಯಾರು ಸೇರ್ತಿದ್ರು? ತರಗತಿ ಮುಚ್ಚಿ ಹೋಗ್ತಿತ್ತು. ಎಲ್ರೂ ಪಾಸಾದ್ರಲ್ಲ, ಅದು ಸಾಲ್ದಾ?"

ನನ್ನ ಬಾಯಿ ತಡೆಯಲಿಲ್ಲ. "ನಮ್ಮೋರೇ ನಂಬಿಸಿ ಕತ್ತು ಕುಯ್ದ್ರೆ ಯಾರ ಹತ್ರ ಹೇಳ್ಕೊಳ್ಳೋದು?"

ಅಮ್ಮ ನನ್ನ ಮೇಲೆಯೇ ಹರಿಹಾಯ್ದಳು. "ನನ್ನ ತಮ್ಮ ಒಳ್ಳೇದಕ್ಕೇ ಮಾಡಿರ್ತಾನೆ. ದೊಡ್ಡೋರ ಮುಖಕ್ಕೆ ಮಸಿ ಬಳೀಬೇಡಿ. ನರ್ಸ್ ಆಗ್ದಿದ್ರೆ ಏನಂತೆ, ಮದ್ವೆ ಮಾಡಿದ್ರಾಯ್ತು."

ತಂಗಿ ದನಿ ಏರಿಸಲಿಲ್ಲ. "ಕಷ್ಟ ಇದ್ರೆ ನಮ್ಮ ಭಾಷೇಲಿ ಬಿಡಿಸಿ ಹೇಳ್ಬೇಕಿತ್ತು ಮಾವ. ನಾಲ್ಕು ಸಲ ಹೇಳ್ಬೇಕಿತ್ತು. ಮುಚ್ಚಿಡೋದು ಪಾಠ ಅಲ್ಲ. ನಾನು ಮತ್ತೆ ಮೊದಲ ವರ್ಷಕ್ಕೇ ಕೂರ್ತೀನಿ, ಎಲ್ರೂ ಓದೋ ದೊಡ್ಡ ತರಗತೀಲಿ."

"ಕೂತ್ಕೋ, ಬೇಡ ಅನ್ನಲ್ಲ. ಹೊಸಬರ ಹತ್ರ ಮಾತ್ರ ಬಾಯಿ ಬಿಡ್ಬೇಡ."

"ಅದಾಗಲ್ಲ ಮಾವ" ಎಂದಳು.

ಸೇರ್ಪಡೆಯ ದಿನ ಕಾಲೇಜಿನ ಗೇಟಿನಲ್ಲಿ ನಿಂತು, ನಮ್ಮ ಭಾಷೆಯ ಹುಡುಗಿಯರನ್ನೆಲ್ಲ ತಡೆದು ತನ್ನ ಕಥೆ ಹೇಳಿದಳು. ಒಬ್ಬೊಬ್ಬರೇ ದೊಡ್ಡ ತರಗತಿಯ ಸಾಲಿಗೆ ಹೋದರು. ತಮ್ಮ ತರಗತಿಗೆ ಹೆಸರು ಬರೆಸಿಕೊಳ್ಳಲು ಗೇಟಿನೊಳಗೆ ಮೇಜು ಹಾಕಿಕೊಂಡಿದ್ದ ಮಾವನಿಗೆ ಎಲ್ಲವೂ ಕೇಳಿಸುತ್ತಿತ್ತು. ಕೊನೆಗೆ ಮಗಳನ್ನು ಕರೆದುಕೊಂಡು ಬಂದ ಒಬ್ಬ ತಾಯಿ ಮಾತ್ರ ತಂಗಿಯನ್ನು ಬದಿಗೆ ಸರಿಸಿ ಮಾವನ ಮೇಜಿನ ಬಳಿ ನಡೆದಳು.

"ಮೇಷ್ಟ್ರು ನಮ್ಮೋರಮ್ಮ, ನಮ್ಗೆ ಮೋಸ ಮಾಡ್ತಾರಾ?"

ಮಾವ ತಂಗಿಯ ಮುಖವನ್ನೇ ನೋಡುತ್ತ ಆ ಹುಡುಗಿಯ ಕೈಗೆ ಪೆನ್ನು ಕೊಟ್ಟರು.